ಇಳಿಯದ ಪಾದರಸ

ಆ ದಿನದ ದಿನಚರಿಯಲ್ಲಿ ಇರುವುದು ನಾಲ್ಕೇ ಸಾಲು. ಕೊನೆಯ ಸಾಲಿನಲ್ಲಿ ಒಂದೇ ಪದ: "ನಿಲ್ಲಿಸಿದೆ." ಇಷ್ಟು ವರ್ಷಗಳಲ್ಲಿ ನನ್ನ ನೆನಪು ಆ ಒಂದು ಪದದ ಸುತ್ತ ದೊಡ್ಡ ಕಥೆಯನ್ನೇ ಕಟ್ಟಿಕೊಂಡಿದೆ. ಅದರಲ್ಲಿ ನಾನು ಶಾಂತವಾಗಿ, ಎಲ್ಲವನ್ನೂ ತೂಗಿ ನೋಡಿ ನಿರ್ಧರಿಸಿದವಳಂತೆ ಕಾಣುತ್ತೇನೆ. ಆ ಕಥೆಯ ಮೇಲೆ ನನಗೆ ಅನುಮಾನವಿದೆ. ಹಾಗಾಗಿ ಇದನ್ನು ಬರೆಯುವಾಗ ದಿನಚರಿಯನ್ನೂ, ಆಗ ನಾನೇ ತುಂಬಿದ ಅರಿವಳಿಕೆ ಹಾಳೆಯ ನಕಲನ್ನೂ ಪಕ್ಕದಲ್ಲಿ ಇಟ್ಟುಕೊಂಡಿದ್ದೇನೆ. ಅವೆರಡೂ ಸುಮ್ಮನಿರುವ ಕಡೆ ಮಾತ್ರ ನೆನಪನ್ನು ನಂಬಿದ್ದೇನೆ.

ಎಂಬತ್ತರ ದಶಕದ ಕೊನೆಯ ವರ್ಷಗಳು. ಕೋಲಾರದ ಚಿನ್ನದ ಗಣಿಗಳಿರುವ ಉರಿಗಾಂ ಕಡೆಯ ಒಂದು ಆಸ್ಪತ್ರೆಯಲ್ಲಿ ನಾನು ಅರಿವಳಿಕೆ ಕೊಡುವ ವೈದ್ಯೆ. ನಮ್ಮಲ್ಲಿ ದಿನವೂ ನಡೆಯುತ್ತಿದ್ದುದು ಹರ್ನಿಯಾ, ಅಪೆಂಡಿಕ್ಸ್, ಸಿಸೇರಿಯನ್, ಮುರಿದ ಕೈಕಾಲು. ವಾರಕ್ಕೊಮ್ಮೆ ಬೆಂಗಳೂರಿನಿಂದ ಹಿರಿಯ ಸರ್ಜನ್ ಒಬ್ಬರು ರೈಲಿನಲ್ಲಿ ಬಂಗಾರಪೇಟೆಗೆ ಬಂದು, ಅಲ್ಲಿ ಗಾಡಿ ಬದಲಿಸಿ ನಮ್ಮಲ್ಲಿಗೆ ಬರುತ್ತಿದ್ದರು. ಸ್ವಲ್ಪ ದೊಡ್ಡ ಆಪರೇಷನ್‌ಗಳು ಅವರಿಗಾಗಿ ಕಾಯುತ್ತಿದ್ದವು.

ರೋಗಿ ಕಾಮಸಮುದ್ರದ ಕಡೆಯ ಹಳ್ಳಿಯವನು, ನಲವತ್ತರ ಆಸುಪಾಸು. ಮನೆಯಲ್ಲಿ ಕುರಿಮಂದೆ, ಮಂದೆಯ ಜೊತೆಗೆ ನಾಯಿಗಳು. ನಾಯಿಯ ಕರುಳಿನಲ್ಲಿರುವ ಒಂದು ಪುಟ್ಟ ಹುಳದ ಮೊಟ್ಟೆ ಹೇಗೋ ಮನುಷ್ಯನ ಹೊಟ್ಟೆ ಸೇರಿದರೆ, ಕೆಲವೊಮ್ಮೆ ಯಕೃತ್ತಿನಲ್ಲಿ ಕೂತು ನೀರು ತುಂಬಿದ ಚೀಲವಾಗಿ ವರ್ಷಗಟ್ಟಲೆ ಬೆಳೆಯುತ್ತದೆ. ಈತನ ಯಕೃತ್ತಿನ ಎಡಭಾಗದಲ್ಲಿ ಅಂಥ ಚೀಲ ತೆಂಗಿನಕಾಯಿಯಷ್ಟು ಬೆಳೆದಿತ್ತು. ಒಳಗೇ ಒಡೆದರೆ ಆ ನೀರೇ ಪ್ರಾಣ ತೆಗೆಯಬಹುದು. ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಹಾಸಿಗೆಗಾಗಿ ತಿಂಗಳು ಕಾದು, ಬೇಸತ್ತು ವಾಪಸು ಬಂದಿದ್ದ. ಆ ಎಡಭಾಗವನ್ನು ಚೀಲದ ಸಮೇತ ಇಲ್ಲೇ ಕತ್ತರಿಸಿ ತೆಗೆಯೋಣ ಎಂದು ನಮ್ಮ ಸರ್ಜನ್ ಒಪ್ಪಿದರು.

ತೊಡಕು ರಕ್ತದ್ದು. ಆತನದು ಓ ನೆಗೆಟಿವ್. ಕೋಲಾರ, ಬೆಂಗಳೂರು ಎಲ್ಲ ಕಡೆ ಕೇಳಿ ಸಿಕ್ಕಿದ್ದು ಎರಡು ಬಾಟಲಿ. ಮೂರನೆಯದು ಬೇಕಾದರೆ ಯಾರ ಹತ್ತಿರವೂ ಇರಲಿಲ್ಲ.

ಯಕೃತ್ತಿನ ವಿಷಯದಲ್ಲಿ ಎರಡು ಬಾಟಲಿ ಎಂದರೆ ಏನೂ ಅಲ್ಲ. ದೇಹದ ಬೇರೆ ಕಡೆ ಕತ್ತರಿಸಿದ ರಕ್ತನಾಳ ತಾನೇ ಮುದುಡಿಕೊಳ್ಳುತ್ತದೆ. ಯಕೃತ್ತಿನೊಳಗಿನ ದೊಡ್ಡ ಸಿರೆಗಳು ಮುದುಡಲಾರವು. ಸುತ್ತಲಿನ ಮಾಂಸ ಅವುಗಳ ಬಾಯನ್ನು ತೆರೆದೇ ಹಿಡಿದಿರುತ್ತದೆ. ಒಳಗೆ ಬರುವ ರಕ್ತವನ್ನು ಕ್ಲ್ಯಾಂಪ್ ಹಾಕಿ ಸ್ವಲ್ಪ ಹೊತ್ತು ತಡೆಯಬಹುದು. ಆದರೆ ಹೃದಯದ ಕಡೆಯಿಂದ ಹಿಂದಕ್ಕೆ ಒತ್ತಿಕೊಂಡು ಬರುವ ರಕ್ತಕ್ಕೆ ನಮ್ಮಲ್ಲಿ ಕ್ಲ್ಯಾಂಪ್ ಇರಲಿಲ್ಲ. ಆ ಸಿರೆಗಳಲ್ಲಿನ ಒತ್ತಡವನ್ನೇ ಇಳಿಸಬೇಕು. ಅದು ಸರ್ಜನ್ ಮಾಡುವ ಕೆಲಸವಲ್ಲ, ತಲೆಯ ಬಳಿ ಕೂತವರು ಮಾಡಬೇಕಾದದ್ದು.

ಅದಕ್ಕಾಗಿ ನಾವು ಆರಿಸಿದ ಔಷಧಿ ನೈಟ್ರೋಗ್ಲಿಸರಿನ್. ರಕ್ತನಾಳಗಳನ್ನು ಸಡಿಲಿಸಿ ಒತ್ತಡ ಇಳಿಸುತ್ತದೆ. ನಿಲ್ಲಿಸಿದರೆ ಕೆಲವೇ ನಿಮಿಷಗಳಲ್ಲಿ ಒತ್ತಡ ಮತ್ತೆ ಏರುತ್ತದೆ. ಆ ಬೇಗ ಬಂದು ಬೇಗ ಹೋಗುವ ಗುಣವೇ ನಮಗೆ ಬೇಕಾಗಿತ್ತು. ಬೆಂಗಳೂರಿನಲ್ಲಿ ಕಲಿಯುವಾಗ ಅದನ್ನು ಐದಾರು ಬಾರಿ ಬಳಸುವುದನ್ನು ನೋಡಿದ್ದೆ, ಎರಡು ಬಾರಿ ನಾನೇ ಕೊಟ್ಟಿದ್ದೆ. ಆದರೆ ಆಗ ಹಿಂದೆ ಪ್ರೊಫೆಸರ್ ನಿಂತಿರುತ್ತಿದ್ದರು.

ಹಿಂದಿನ ಸಂಜೆ ವಾರ್ಡಿಗೆ ಹೋದೆ. ಆತ ಆಗಲೇ ಎಂಟು ದಿನದಿಂದ ಅಲ್ಲಿದ್ದ. ತಲೆಗೆ ಹಳೆಯ ಟವೆಲ್ಲೊಂದನ್ನು ಬಿಗಿಯಾಗಿ ಸುತ್ತಿಕೊಂಡು, ಕಾಲು ಚಾಚಿ ಕೂತಿದ್ದ. ಹೆಂಡತಿ ಪಕ್ಕದಲ್ಲಿ ಕಡಲೆಕಾಯಿ ಸುಲಿಯುತ್ತಿದ್ದಳು. ಕೆಲಸ ಏನೆಂದು ಕೇಳಿದೆ. ಗಣಿ, ಕೆಳಗೆ ಇಳಿಯೋದು, ಅಂದ. "ಗಣಿ ಕಾರ್ಮಿಕ" ಎಂದು ಬರೆದುಕೊಂಡೆ. ಬೀಡಿಯ ಬಗ್ಗೆ ಕೇಳಿದೆ.

"ಕೆಳಗೆ ಬೀಡಿ, ಬೆಂಕಿಪೊಟ್ಣ ಏನೂ ಬಿಡಲ್ಲ ಅಮ್ಮಾ. ಮೇಲಕ್ ಬಂದ್ಮೇಲೆ ಒಂದು."

"ಒಂದಾ? ಒಂದು ಕಟ್ಟು ಅಂತ ಯೋಳು," ಅಂದಳು ಹೆಂಡತಿ, ತಲೆ ಎತ್ತದೆ.

ಕೊಯ್ಯುವಾಗ ರಕ್ತ ಹೋಗದ ಹಾಗೆ ಏನೋ ಔಷಧಿ ಹಾಕುತ್ತೀರಂತೆ, ನಿಜವೇ ಎಂದು ಕೇಳಿದ. ಒತ್ತಡ ಇಳಿಸುತ್ತೇವೆ, ಒತ್ತಡ ಕಡಿಮೆಯಿದ್ದರೆ ಸೋರುವುದೂ ಕಡಿಮೆ ಎಂದು ವಿವರಿಸಿದೆ. ತಲೆಯಾಡಿಸಿದ.

"ನಮ್ದೂ ಅಂಗೇ ಅಮ್ಮಾ. ನೀರಿರೋ ಜಾಗ ಆದ್ರೆ ಮೊದ್ಲು ನೀರಿಳಿಸ್ಬೇಕು. ಆಮೇಲೆ ತೂತು."

ಬಂಡೆ ಕೊರೆಯುವವನಿರಬೇಕು ಎಂದುಕೊಂಡೆ. ಕೇಳಲಿಲ್ಲ. ಹೊರಡುವಾಗ ವಾರ್ಡಿನ ಸಿಸ್ಟರ್, ಆತನ ಈ ಮೂಲೆಯ ಹಾಸಿಗೆ ಬದಲಿಸಿದಾಗಲೆಲ್ಲ ತಮಗೆ ತಲೆನೋವು ಬರುತ್ತಿದೆ, ಫಿನಾಯಿಲ್ ಬದಲಾಯಿಸಬೇಕು ಎಂದರು. ಅದು ದಿನಚರಿಯಲ್ಲಿದೆ. ಯಾಕೆ ಬರೆದೆನೋ ಗೊತ್ತಿಲ್ಲ. ಬಹುಶಃ ಫಿನಾಯಿಲ್ ತರಿಸಲು ಜ್ಞಾಪಕಕ್ಕಿರಲಿ ಎಂದು.

ಬೆಳಿಗ್ಗೆ ಎಂಟೂವರೆಗೆ ಶುರು. ಬಾಗಿಲಲ್ಲಿ ಟವೆಲ್ ಬಿಚ್ಚಿಸಿ ಹೆಂಡತಿಯ ಕೈಗೆ ಕೊಟ್ಟರು. ನಿದ್ದೆ ಬರಿಸಿ, ಉಸಿರಿನ ನಳಿಗೆ ಹಾಕಿದೆ. ಕುತ್ತಿಗೆಯ ಸಿರೆಯ ಮೂಲಕ ಹೃದಯದ ಹತ್ತಿರದವರೆಗೆ ಒಂದು ಸಣ್ಣ ಟ್ಯೂಬ್ ಇಳಿಸಿ, ಅದನ್ನು ಸೆಂಟಿಮೀಟರ್ ಗುರುತಿನ ಗಾಜಿನ ಕೊಳವೆಗೆ ಜೋಡಿಸಿದೆ. ಆ ಕೊಳವೆಯಲ್ಲಿನ ನೀರು ಎಷ್ಟು ಎತ್ತರ ನಿಲ್ಲುತ್ತದೋ ಅದೇ ದೊಡ್ಡ ಸಿರೆಯ ಒತ್ತಡ. ಹನ್ನೊಂದರಲ್ಲಿ ನಿಂತಿತು. ನಮಗೆ ಬೇಕಾದದ್ದು ನಾಲ್ಕರ ಒಳಗೆ. ತೋಳಿಗೆ ಪಟ್ಟಿ ಸುತ್ತಿ ಪಾದರಸದ ಯಂತ್ರದಲ್ಲಿ ನೋಡಿದೆ: ನೂರಮೂವತ್ತು. ಹೊಟ್ಟೆ ತೆರೆಯುವ ಮೊದಲೇ ಔಷಧಿ ಹೇಗೆ ಕೆಲಸ ಮಾಡುತ್ತದೆಂದು ನೋಡಿಬಿಡೋಣ ಎಂದು ಸರ್ಜನ್ ಜೊತೆ ಮಾತಾಗಿತ್ತು.

ಎರಡು ಆಂಪೂಲ್ ಒಡೆದು ಅರ್ಧ ಲೀಟರ್ ಗ್ಲೂಕೋಸ್ ಬಾಟಲಿಗೆ ಬೆರೆಸಿದೆ. ಪಂಪು ಇರಲಿಲ್ಲ, ಸಣ್ಣ ಹನಿ ಬೀಳುವ ಸೆಟ್ ಹಾಕಿ, ಕೈಗಡಿಯಾರ ನೋಡುತ್ತ ಹನಿ ಎಣಿಸಬೇಕು. ನಿಮಿಷಕ್ಕೆ ಹದಿನೈದು ಹನಿಯಿಂದ ಶುರುಮಾಡಿದೆ. ಐದು ನಿಮಿಷ. ನೂರಮೂವತ್ತು. ಮೂವತ್ತು ಹನಿ. ನೂರಮೂವತ್ತು. ಅರವತ್ತು ಹನಿಗೆ ಏರಿಸಿದೆ. ಸಾಧಾರಣ ಮನುಷ್ಯನಿಗೆ ಅಷ್ಟು ಕೊಟ್ಟರೆ ಒತ್ತಡ ಕಣ್ಣೆದುರೇ ಜಾರುತ್ತದೆ. ಇಲ್ಲಿ ನೂರಿಪ್ಪತ್ತೆಂಟು. ಗಾಜಿನ ಕೊಳವೆಯ ನೀರು ಹನ್ನೊಂದರಿಂದ ಹತ್ತೂವರೆಗೆ ಬಂದು ಅಲ್ಲೇ ಕೂತಿತು.

"ಎಷ್ಟಮ್ಮಾ?" ಸರ್ಜನ್ ಕೈ ತೊಳೆದು, ಗೌನ್ ತೊಟ್ಟು, ಎರಡೂ ಕೈ ಎದೆಯ ಮುಂದೆ ಹಿಡಿದು ನಿಂತಿದ್ದರು.

"ಇಳೀತಿಲ್ಲ ಸಾರ್."

ಮೊದಲ ಅನುಮಾನ ಪಟ್ಟಿಯ ಮೇಲೆ. ಇನ್ನೊಂದು ತೋಳಿಗೆ ಕಟ್ಟಿದೆ. ಅದೇ. ಎರಡನೆಯದು ಟ್ಯೂಬಿನ ಮೇಲೆ. ಈ ಔಷಧಿಯನ್ನು ಪ್ಲಾಸ್ಟಿಕ್ ಟ್ಯೂಬ್ ಹೀರಿಕೊಳ್ಳುತ್ತದೆ, ಅರ್ಧದಷ್ಟು ರೋಗಿಯನ್ನು ತಲುಪುವುದೇ ಇಲ್ಲ ಎಂದು ಓದಿದ್ದೆ. ಗಾಜಿನ ಸಿರಿಂಜಿಗೆ ತೆಗೆದುಕೊಂಡು ನೇರವಾಗಿ ಸಿರೆಗೆ ಸ್ವಲ್ಪ ಸ್ವಲ್ಪ ಕೊಟ್ಟೆ. ಪಾದರಸ ಐದು ಇಳಿದು, ನಾನು ನೋಡುತ್ತಿರುವಂತೆಯೇ ಮೇಲೆ ಬಂತು. ಮೂರನೆಯದು ಆಂಪೂಲಿನ ಮೇಲೆ. ಬೇರೆ ಪೆಟ್ಟಿಗೆಯಿಂದ ಬೇರೆ ಆಂಪೂಲ್ ಒಡೆದೆ. ಏನೂ ಆಗಲಿಲ್ಲ. ಹಾಳೆಯ ಪ್ರಕಾರ ಇಷ್ಟಕ್ಕೆ ನಲವತ್ತು ನಿಮಿಷ ಹಿಡಿದಿದೆ. ನೆನಪಿನಲ್ಲಿ ಅದು ಹತ್ತು ನಿಮಿಷವೂ ಅಲ್ಲ.

ಹ್ಯಾಲೋಥೇನ್ ಜಾಸ್ತಿ ಮಾಡಿದರೆ ಇಳಿಯುತ್ತದಲ್ಲ ಎಂದರು ಸರ್ಜನ್. ಹ್ಯಾಲೋಥೇನ್ ನಿದ್ದೆಯ ಅನಿಲ. ಹೆಚ್ಚು ಕೊಟ್ಟರೆ ಹೃದಯವನ್ನೇ ಮಂಕುಮಾಡಿ ಒತ್ತಡ ಇಳಿಸುತ್ತದೆ. ಯಕೃತ್ತಿಗೂ ಅದು ಒಳ್ಳೆಯದಲ್ಲ. ಅದಕ್ಕಿಂತ ಮುಖ್ಯವಾಗಿ, ಹಾಗೆ ಇಳಿಸಿದ್ದನ್ನು ಬೇಕೆಂದಾಗ ಬೇಗ ಮೇಲೆತ್ತಲು ಬರುವುದಿಲ್ಲ. ಒಂದು ದೊಡ್ಡ ಸಿರೆ ಹರಿದರೆ ಮಂಕಾದ ಹೃದಯ, ಎರಡು ಬಾಟಲಿ ರಕ್ತ, ನಾನು.

"ಯಾಕೆ ಇಳೀತಿಲ್ಲ ಅಂತ ನನಗೆ ಗೊತ್ತಿಲ್ಲ ಸಾರ್. ಗೊತ್ತಿಲ್ಲದೆ ಮುಂದಕ್ಕೆ ಹೋಗೋದು ಬೇಡ. ಇವತ್ತು ಬೇಡ."

ನನ್ನ ನೆನಪಿನಲ್ಲಿ ಅವರು ಒಂದು ಗಳಿಗೆ ನನ್ನನ್ನೇ ನೋಡಿ, ಮೆಲ್ಲಗೆ ತಲೆಯಾಡಿಸಿ, ಚಾಕುವನ್ನು ತಟ್ಟೆಯಲ್ಲಿ ಇಡುತ್ತಾರೆ. ದಿನಚರಿಯ ಮೂರನೆಯ ಸಾಲು "ಸಾರ್‌ಗೆ ಸಿಟ್ಟು" ಎನ್ನುತ್ತದೆ. ದಿನಚರಿಯನ್ನೇ ನಂಬುತ್ತೇನೆ. ನಾನು ನಿಲ್ಲಿಸಿದ್ದು ಧೈರ್ಯದಿಂದಲೋ ಹೆದರಿಕೆಯಿಂದಲೋ, ಅದನ್ನು ದಿನಚರಿಯೂ ಹೇಳುವುದಿಲ್ಲ, ಹಾಳೆಯೂ ಹೇಳುವುದಿಲ್ಲ. ಹೊಟ್ಟೆಗೆ ಒಂದು ಗೆರೆಯೂ ಬೀಳದೆ ರೋಗಿಯನ್ನು ಎಬ್ಬಿಸಿದೆ. ಕಣ್ಣು ಬಿಟ್ಟವನೇ ಹೊಟ್ಟೆ ಮುಟ್ಟಿ ನೋಡಿಕೊಂಡ.

ಮಧ್ಯಾಹ್ನ ಮಾರಿಕುಪ್ಪಂ ಕಡೆಯಿಂದ ಬಂದ ಗಾಡಿ ಹತ್ತುವಾಗ ಸರ್ಜನ್ ಇಷ್ಟೇ ಅಂದರು: "ತಪ್ಪು ಅಂತ ಹೇಳಲ್ಲ. ಆದ್ರೆ ಮುಂದಿನ ವಾರದೊಳಗೆ ಕಾರಣ ಹುಡುಕಿ. ಆ ಚೀಲ ನಮಗೋಸ್ಕರ ಕಾಯಲ್ಲ."

ಥಿಯೇಟರಿಗೆ ಮರಳಿದಾಗ ಅಟೆಂಡರ್ ನೆಲ ಒರೆಸುತ್ತಿದ್ದರು. ನನಗಿಂತ ಇಪ್ಪತ್ತು ವರ್ಷ ಹಿರಿಯರು. ವಯಸ್ಸಿನಲ್ಲಿ ಗಣಿಯೊಳಗೆ ಕೆಲಸ ಮಾಡಿ, ಎದೆ ಕೆಟ್ಟಮೇಲೆ ಮೇಲೆ ಬಂದವರು. ಮನೆಮಾತು ತಮಿಳು, ಕನ್ನಡದ ನಡುವೆ ಅದು ನುಸುಳುತ್ತಿತ್ತು. ಅವರನ್ನು ಎಲ್ಲರ ಹಾಗೆ ನಾನೂ ಅಣ್ಣಾ ಎನ್ನುತ್ತಿದ್ದೆ. ಒಡೆದ ಆಂಪೂಲ್ ಕೈಯಲ್ಲಿ ಹಿಡಿದು ಅದರ ಮೇಲಿನ ಹೆಸರು ಓದಿಸಿದರು. ನಾನು ಓದಿದೆ. ಇದು ಜಿಲೆಟಿನ್ ಕಡ್ಡಿಯಲ್ಲಿ ಇರುವುದೇ ಅಲ್ಲವೇ ಎಂದು ಕೇಳಿದರು. ಹೌದು, ಬಂಡೆ ಸಿಡಿಸುವ ಕಡ್ಡಿಯೊಳಗಿನ ಎಣ್ಣೆಯೂ ಇದೇ, ಇಲ್ಲಿ ಅತಿ ಸ್ವಲ್ಪ ಇದೆ ಎಂದೆ. ಹಾಗೆ ಹೇಳುತ್ತಿದ್ದಂತೆ ನನ್ನ ಮಾತು ನಿಧಾನವಾಯಿತು.

"ಆ ಆಳು ಬ್ಲಾಸ್ಟರ್ ಅಮ್ಮಾ. ಕಡ್ಡಿ ತುಂಬಿ ಸಿಡಿಸೋನು. ನಿಮ್ಗೆ ತೆರಿಯಾದಾ?" ಗೊತ್ತಿಲ್ಲವೇ ಎಂದು ಕೇಳುತ್ತಿದ್ದರು. ಆಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಅವನ ಟವೆಲ್ ಬಿಚ್ಚಿ ನೋಡಿ. ನಾನು ಹೇಳ್ದೆ ಅಂತ ಹೇಳಬೇಡಿ."

ಬ್ಲಾಸ್ಟರ್‌ಗಳ ತಲೆನೋವಿನ ಸಂಗತಿ ನನಗೆ ಗೊತ್ತಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಜಿಲೆಟಿನ್ ಮುಟ್ಟುವವರ ಚರ್ಮದಿಂದ ಆ ಎಣ್ಣೆ ರಕ್ತ ಸೇರುತ್ತದೆ, ಮೊದಮೊದಲು ತಲೆ ಸಿಡಿಯುತ್ತದೆ, ಕೆಲವು ದಿನಗಳಲ್ಲಿ ದೇಹ ಅದಕ್ಕೆ ಒಗ್ಗಿಕೊಂಡು ಆ ಔಷಧಿಗೆ ಜಗ್ಗುವುದೇ ಇಲ್ಲ, ಒಂದೆರಡು ದಿನ ಬಿಟ್ಟರೆ ಒಗ್ಗಿಕೊಂಡದ್ದು ಹೋಗುತ್ತದೆ. ಇದನ್ನು ಕಾಲೇಜಿನ ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೆ. ಬರೆದವಳು ಗಣಿಯ ಊರಿನಲ್ಲಿ ಮೂರು ವರ್ಷ ಕೆಲಸ ಮಾಡಿದ್ದಳು, ಕೆಳಗೆ ಏನು ಕೆಲಸ ಎಂದು ಒಮ್ಮೆಯೂ ಕೇಳಲಿಲ್ಲ. ಆದರೆ ಆತ ಎಂಟು ದಿನದಿಂದ ಹಾಸಿಗೆಯಲ್ಲಿದ್ದ. ಒಗ್ಗಿಕೊಂಡದ್ದು ಇಷ್ಟರಲ್ಲಿ ಹೋಗಿರಬೇಕಿತ್ತು.

ವಾರ್ಡಿನಲ್ಲಿ ಆತ ಮತ್ತೆ ಟವೆಲ್ ಸುತ್ತಿಕೊಂಡು ಕೂತಿದ್ದ. ಕೊಡಿ ಎಂದೆ. ಗಂಡಹೆಂಡತಿ ಮುಖ ನೋಡಿಕೊಂಡರು. ಮಡಿಕೆ ಬಿಚ್ಚಿದಾಗ ಒಳಗಿನಿಂದ ಎಣ್ಣೆ ಜಿಡ್ಡಿನ ಕಂದು ಕಾಗದವೊಂದು ಸಿಕ್ಕಿತು, ಅಂಗೈಯಗಲ. ಜಿಲೆಟಿನ್ ಕಡ್ಡಿಯ ಮೇಲಿನ ಸುತ್ತು ಕಾಗದ. ಬಾಳೆಹಣ್ಣಿನಂಥ ಸಿಹಿ ವಾಸನೆ ಬಂತು ಎಂದು ನೆನಪು. ದಿನಚರಿಯಲ್ಲಿ ವಾಸನೆಯ ಮಾತಿಲ್ಲ. ಕಾಗದವನ್ನು ಬೆರಳಲ್ಲಿ ಹಿಡಿದುಕೊಂಡೇ ಮಾತಾಡುತ್ತಿದ್ದೆ. ಐದಾರು ನಿಮಿಷದಲ್ಲಿ ನನ್ನ ಹಣೆಯ ಎರಡೂ ಬದಿ ಡವಡವ ಹೊಡೆಯತೊಡಗಿತು. ಕಿವಿ ಬಿಸಿಯಾಯಿತು. ಕುರ್ಚಿ ಎಳೆದು ಕೂತೆ.

ಆ ಗಳಿಗೆಯನ್ನು ನಾನು ಮರೆತಿಲ್ಲ. ಅಂಗೈಯಗಲದ ಒಂದು ಹಳೆಯ ಕಾಗದ ನನ್ನನ್ನು ಕೂರಿಸಿತ್ತು. ಅದನ್ನೇ ಹಗಲು ರಾತ್ರಿ ತಲೆಗೆ ಕಟ್ಟಿಕೊಂಡ ಮನುಷ್ಯ ಎದುರಿಗೆ ಆರಾಮಾಗಿ ಕೂತಿದ್ದ. ಬೆಳಿಗ್ಗೆ ಆತನ ರಕ್ತನಾಳಗಳಿಗೆ ನಾನು ಬಾಟಲಿಯಿಂದ ಹನಿಹನಿಯಾಗಿ ಸುರಿದದ್ದು ಅವುಗಳಿಗೆ ದಿನದ ಊಟವಿದ್ದ ಹಾಗೆ.

"ರಜಾದಲ್ಲಿ ಎಲ್ರೂ ಇಂಗೇ ಮಡಿಕ್ಕಂತಾರೆ ಅಮ್ಮಾ," ಅಂದ ಆತ. "ಇಲ್ದಿದ್ರೆ ವಾಪಸ್ ಓದ್ ದಿವ್ಸ ತಲೆ ಒಡ್ದೋಯ್ತದೆ. ವಾಂತಿ ಬತ್ತದೆ. ಒಂದ್ ತಿಂಗ್ಳು ಮಲಗ್ಬೇಕು ಅಂದ್ರಿ ನೀವು. ಒಂದ್ ತಿಂಗ್ಳು ಬಿಟ್ಟು ಓದ್ರೆ ನನ್ ಗತಿ?"

ನಾನು ಕೇಸ್ ಶೀಟ್ ತೆಗೆದೆ. ಆತ ಹಾಸಿಗೆಯಿಂದ ಅರ್ಧ ಎದ್ದ.

"ಅದ್ ಮಾತ್ರ ಬರೀಬ್ಯಾಡಿ. ಕಾಗ್ದ ಮೇಲಕ್ ತಂದೋನು ಅಂತ ಗೊತ್ತಾದ್ರೆ ಕೆಲ್ಸ ಓಯ್ತದೆ."

ಸಿಡಿಮದ್ದಿಗೆ ಸಂಬಂಧಿಸಿದ ಒಂದು ಚೂರೂ ಗಣಿಗೆ ಇಳಿಯುವ ಶಾಫ್ಟಿನಿಂದ ಹೊರಗೆ ಬರಬಾರದು, ಅದು ಕಟ್ಟುನಿಟ್ಟು. ಹಾಗೆಂದು ಬರೆಯದಿದ್ದರೆ, ನಾಳೆ ನನ್ನ ಬದಲು ಬೇರೊಬ್ಬರು ಆ ಮೇಜಿನ ತಲೆಗೆ ಕೂತಾಗ ಅವರಿಗೆ ತಿಳಿಯುವುದಿಲ್ಲ. ಕೊನೆಗೆ ಬರೆದದ್ದು: "ಬ್ಲಾಸ್ಟರ್. ಕೆಲಸದಿಂದಾಗಿ ನೈಟ್ರೇಟಿಗೆ ಒಗ್ಗಿದ ದೇಹ." ಟವೆಲ್ಲಿನ ಸುದ್ದಿ ಬರೆಯಲಿಲ್ಲ. ಇದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಈಗಲೂ ಬೇರೆ ಏನು ಬರೆಯಬಹುದಿತ್ತೆಂದು ಹೊಳೆದಿಲ್ಲ. ಕಾಗದವನ್ನು ಅಟೆಂಡರ್ ತೆಗೆದುಕೊಂಡು ಹೋದರು, ಟವೆಲ್ಲನ್ನು ಸಿಸ್ಟರ್ ಕೈಗವಸು ಹಾಕಿಕೊಂಡು ಸೋಪಿನ ನೀರಿನಲ್ಲಿ ಮುಳುಗಿಸಿದರು. ಹಾಸಿಗೆ, ದಿಂಬು ಎಲ್ಲ ಬದಲಾಯಿತು.

ಇನ್ನು ಕಾಯುವುದಷ್ಟೇ ಎಂದುಕೊಂಡರೆ ಆಗಲಿಲ್ಲ. ವರ್ಷಗಟ್ಟಲೆ ಆ ಎಣ್ಣೆಗೆ ಒರಗಿಕೊಂಡಿದ್ದ ರಕ್ತನಾಳಗಳಿಂದ ಅದನ್ನು ಒಮ್ಮೆಗೇ ಕಿತ್ತುಕೊಂಡರೆ, ಹೃದಯದ ನಾಳಗಳು ಬಿಗಿದುಕೊಳ್ಳಬಹುದು ಎಂದೂ ಅದೇ ಪುಸ್ತಕದಲ್ಲಿತ್ತು. ಎರಡನೆಯ ದಿನ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಎದೆ ಹಿಡಿದಂತಾಗುತ್ತಿದೆ ಅಂದ. ಇ.ಸಿ.ಜಿ. ಯಂತ್ರವನ್ನು ಹಾಸಿಗೆಯ ಬಳಿಗೇ ತಳ್ಳಿಕೊಂಡು ಬಂದೆವು. ಎದೆನೋವಿಗೆ ನಾಲಿಗೆಯ ಕೆಳಗಿಡುವ ಮಾತ್ರೆಯೂ ಇದೇ ಔಷಧಿ. ಅದನ್ನು ಕೊಟ್ಟರೆ ನೋವು ಹೋಗುತ್ತದೆ, ದೇಹ ಮತ್ತೆ ಒಗ್ಗಿಕೊಳ್ಳಲು ಶುರುಮಾಡುತ್ತದೆ, ಒಂದು ವಾರ ನೀರುಪಾಲು. ಮಾತ್ರೆಯನ್ನು ಅಂಗೈಯಲ್ಲಿ ಹಿಡಿದು ಇ.ಸಿ.ಜಿ. ಕಾಗದ ಹೊರಬರುವುದನ್ನು ನೋಡುತ್ತ ನಿಂತೆ. ಗೆರೆಗಳು ಸರಿಯಾಗಿದ್ದವು. ಇಪ್ಪತ್ತು ನಿಮಿಷದಲ್ಲಿ ಎದೆ ಸಡಿಲವಾಯಿತು ಅಂದ. ಮಾತ್ರೆ ನನ್ನ ಬೆವರಿಗೆ ಕರಗಿ ಅಂಟಾಗಿತ್ತು, ಆ ದಿನವೂ ನನಗೆ ತಲೆನೋವು.

ಆರನೆಯ ದಿನ ಪರೀಕ್ಷೆ ಮಾಡಿದೆ. ಒಗ್ಗಿಕೊಂಡದ್ದು ಹೋಗಿದೆಯೋ ಇಲ್ಲವೋ ತಿಳಿಯಲು ಬೇರೆ ಉಪಾಯವಿರಲಿಲ್ಲ. ಅರ್ಧ ಮಾತ್ರೆಯನ್ನು ಆತನ ನಾಲಿಗೆಯ ಕೆಳಗಿಟ್ಟೆ. ತೋಳಿಗೆ ಪಟ್ಟಿ. ಸಿಸ್ಟರ್ ಒಂದು ಕಡೆ, ಅಟೆಂಡರ್ ಕಾಲಬುಡದಲ್ಲಿ, ಅಕ್ಕಪಕ್ಕದ ಹಾಸಿಗೆಯವರೂ ತಿರುಗಿ ಕೂತಿದ್ದರು. ತಲೆನೋವು ಬಂತಾ ಎಂದು ನಿಮಿಷಕ್ಕೊಮ್ಮೆ ಕೇಳುತ್ತಿದ್ದೆ.

"ಊರೋರೆಲ್ಲ ತಲೆನೋವು ಓಗ್ಲಿ ಅಂತ ಡಾಕ್ಟ್ರತ್ರ ಬತ್ತಾರೆ," ಅಂದಳು ಹೆಂಡತಿ. "ಈಯಪ್ಪಂಗೆ ಬರ್ಲಿ ಅಂತ ಡಾಕ್ಟರಮ್ಮನೇ ಕಾಯ್ತವ್ರೆ."

ನಾಲ್ಕನೆಯ ನಿಮಿಷಕ್ಕೆ ಆತನ ಮುಖ ಕೆಂಪಾಯಿತು. ಎರಡೂ ಕೈಯಲ್ಲಿ ಹಣೆ ಒತ್ತಿಕೊಂಡ. "ಬಂತು," ಅಂದ. "ಕೆಲ್ಸಕ್ ಸೇರಿದ್ ಮೊದಲ್ನೇ ದಿವ್ಸದ್ದು. ಅದೇ." ಪಾದರಸ ನೂರಿಪ್ಪತ್ತಾರರಿಂದ ನೂರನಾಲ್ಕಕ್ಕೆ ಇಳಿದಿತ್ತು. ಹತ್ತಾರು ವರ್ಷ ಕಲಿತದ್ದನ್ನು ಒಂದು ದೇಹ ಆರು ದಿನದಲ್ಲಿ ಬಿಟ್ಟುಕೊಟ್ಟಿತ್ತು. ಅಂಚೆ ಕಚೇರಿಗೆ ಹೋಗಿ ಬೆಂಗಳೂರಿಗೆ ಟ್ರಂಕ್ ಕಾಲ್ ಹಾಕಿದೆ. ಸರ್ಜನ್ ಎಲ್ಲವನ್ನೂ ಕೇಳಿ, ಬರುತ್ತೇನೆ ಅಂದರು.

ಎರಡನೆಯ ಬಾರಿ ಅದೇ ಮೇಜು, ಅದೇ ಗಾಜಿನ ಕೊಳವೆ, ಅದೇ ಎರಡು ಬಾಟಲಿ ರಕ್ತ. ಹೊಟ್ಟೆ ತೆರೆದರು. ಯಕೃತ್ತು ನುಣ್ಣಗೆ, ಗಾಢ ಕೆಂಪಾಗಿ, ಉಸಿರಿನ ಚೀಲವನ್ನು ನಾನು ಒತ್ತಿದಂತೆಲ್ಲ ಮೆಲ್ಲಗೆ ಕೆಳಗಿಳಿದು ಮೇಲೇರುತ್ತಿತ್ತು. ಎಡಗಡೆ ಬಿಳಿ ಚೀಲ ಉಬ್ಬಿ ನಿಂತಿತ್ತು. ಅದರೊಳಗಿನ ನೀರು ಒಂದು ಹನಿ ಸೋರಿದರೂ ಕಷ್ಟ. ಸುತ್ತಲೂ ಗಟ್ಟಿ ಉಪ್ಪುನೀರಿನಲ್ಲಿ ಅದ್ದಿದ ಬಟ್ಟೆಗಳನ್ನು ಒತ್ತೊತ್ತಾಗಿ ಇಟ್ಟರು.

"ಶುರು ಮಾಡಮ್ಮಾ," ಅಂದರು.

ಹತ್ತು ಹನಿ. ನಂತರ ಹದಿನೈದು. ಇಪ್ಪತ್ತಕ್ಕೆ ಬರುವಷ್ಟರಲ್ಲಿ ಪಾದರಸ ನೂರರ ಕೆಳಗೆ ಬಂದು, ತೊಂಬತ್ತರಲ್ಲಿ ನಿಂತಿತು. ನಾನು ಗಾಜಿನ ಕೊಳವೆ ನೋಡುತ್ತಿದ್ದೆ. ಹತ್ತು. ಎಂಟು. ಆರು. ನೀರು ಯಾರೋ ಕೆಳಗಿನಿಂದ ಕುಡಿಯುತ್ತಿರುವ ಹಾಗೆ ಇಳಿಯಿತು. ಮೂರೂವರೆ. ಸರ್ಜನ್ ಒಳಬರುವ ರಕ್ತಕ್ಕೆ ಕ್ಲ್ಯಾಂಪ್ ಹಾಕಿ ಹೊತ್ತು ಕೇಳಿದರು. ಹತ್ತೂ ಹತ್ತು, ಎಂದೆ. ಕತ್ತರಿಸತೊಡಗಿದರು.

ಮೇಜಿನ ತಲೆಯ ಬಳಿ ಕೂತವರಿಗೆ ಗಾಯ ಅಷ್ಟಾಗಿ ಕಾಣುವುದಿಲ್ಲ. ನಮಗೆ ಕಾಣುವುದು ಗಾಯದ ರಕ್ತವನ್ನು ಹೀರಿ ತುಂಬುವ ಸಕ್ಷನ್ ಬಾಟಲಿ. ರಕ್ತ ಅದರೊಳಗೆ ಏರುವ ವೇಗದಿಂದಲೇ ಹೊಟ್ಟೆಯಲ್ಲಿ ಏನಾಗುತ್ತಿದೆಯೆಂದು ತಿಳಿದುಕೊಳ್ಳುತ್ತೇವೆ. ಅವತ್ತು ಬಾಟಲಿ ಸದ್ದು ಮಾಡುತ್ತಿತ್ತು, ತುಂಬುತ್ತಿರಲಿಲ್ಲ. ತಳದಲ್ಲಿ ಎರಡು ಬೆರಳು ರಕ್ತ, ಅಷ್ಟೆ. ಸಕ್ಷನ್ ಕಟ್ಟಿಕೊಂಡಿರಬೇಕು ಎಂದುಕೊಂಡೆ. ಅಟೆಂಡರ್ ಕೂಡ ಬಗ್ಗಿ ಟ್ಯೂಬನ್ನು ಚಿವುಟಿ ನೋಡಿದರು. ಕಟ್ಟಿರಲಿಲ್ಲ.

ಅರ್ಧ ದಾರಿಯಲ್ಲಿ ಸರ್ಜನ್ ಕೈ ನಿಂತಿತು. ಒಂದು ಸಿರೆಗೆ ಗೀರು ಬಿದ್ದಿತ್ತು. ಅಲ್ಲಿಂದ ರಕ್ತ ಚಿಮ್ಮಲಿಲ್ಲ. ಒತ್ತಡ ಅಷ್ಟು ಕಡಿಮೆಯಿದ್ದಾಗ ತೆರೆದ ಸಿರೆ ರಕ್ತ ಬಿಡುವ ಬದಲು ಹೊರಗಿನ ಗಾಳಿಯನ್ನು ಒಳಗೆ ಸೆಳೆದುಕೊಳ್ಳಬಹುದು. ಆ ಗಾಳಿ ಹೃದಯಕ್ಕೆ ಹೋದರೆ ಮುಗಿಯಿತು. ಅದಕ್ಕೆಂದೇ ಮೊದಲೇ ಮೇಜಿನ ತಲೆಭಾಗವನ್ನು ತಗ್ಗಿಸಿ ಇಟ್ಟಿದ್ದೆ. ಸರ್ಜನ್ ಬೆರಳಿಟ್ಟು ಒತ್ತಿದರು. ನಾನು ಹನಿಗಳನ್ನು ಕಡಿಮೆ ಮಾಡಿ, ಎದೆಯ ಮೇಲೆ ಅಂಟಿಸಿದ್ದ ಸ್ಟೆತಸ್ಕೋಪಿನಲ್ಲಿ ಕಣ್ಣುಮುಚ್ಚಿ ಕೇಳಿದೆ. ಗಾಳಿ ಹೊಕ್ಕಿದ್ದರೆ ನೀರು ಕಡೆದ ಹಾಗೆ ಸದ್ದು ಬರಬೇಕು. ಲಬ್ ಡಬ್, ಲಬ್ ಡಬ್. ಬೇರೇನೂ ಇಲ್ಲ. ಹೊಲಿಗೆ ಬಿತ್ತು. ಮತ್ತೆ ಇಪ್ಪತ್ತು ಹನಿ.

ಚೀಲದ ಸಮೇತ ಎಡಭಾಗ ಇಡಿಯಾಗಿ ಹೊರಬಂದು ಬೇಸಿನ್ನಿನಲ್ಲಿ ಕೂತಿತು. ಸರ್ಜನ್ ನನ್ನನ್ನು ಕರೆದು ನೋಡು ಎಂದರು. ಎದ್ದು ಪರದೆಯ ಮೇಲಿಂದ ಬಗ್ಗಿ ನೋಡಿದೆ. ಅಂಗೈಯಗಲದ ಕತ್ತರಿಸಿದ ಮುಖ. ಕಟ್ಟಿದ ದಾರದ ಗಂಟುಗಳು, ನಡುವೆ 'ತೇವ' ಎನ್ನಬಹುದಾದಷ್ಟು ಮಾತ್ರ ಕೆಂಪು. ಅಂಥದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಕ್ಲ್ಯಾಂಪ್ ಬಿಚ್ಚಿದರು.

ನಿಜವಾದ ಪರೀಕ್ಷೆ ಇನ್ನೂ ಬಾಕಿಯಿತ್ತು. ಒತ್ತಡ ಇಳಿಸಿಟ್ಟು ಒಣಗಿದಂತೆ ಕಾಣುವ ಗಾಯ, ಒತ್ತಡ ಏರಿದ ಮೇಲೆ ಬಾಯಿ ಬಿಡಬಹುದು. ಹೊಟ್ಟೆ ಹೊಲಿದ ಮೇಲೆ ಬಾಯಿ ಬಿಟ್ಟರೆ ತಿಳಿಯುವಷ್ಟರಲ್ಲಿ ತಡವಾಗಿರುತ್ತದೆ. ಹನಿಗಳನ್ನು ಪೂರ್ತಿ ನಿಲ್ಲಿಸಿದೆ. ಎಲ್ಲರೂ ಕೈ ಹಿಂದಕ್ಕೆ ತೆಗೆದುಕೊಂಡರು. ಸರ್ಜನ್ ಆ ಕತ್ತರಿಸಿದ ಮುಖದ ಮೇಲೆ ಒಂದು ಬಿಳಿಯ ಗಾಜ್ ಬಟ್ಟೆ ಹಾಸಿ, ನನ್ನನ್ನು ಓದುತ್ತಾ ಹೋಗಲು ಹೇಳಿದರು.

ತೊಂಬತ್ತು. ತೊಂಬತ್ತೆಂಟು. ನೂರಹತ್ತು. ಕೊಳವೆಯ ನೀರು ಆರಕ್ಕೆ ಬಂತು, ಎಂಟಕ್ಕೆ ಬಂತು. ನೂರಿಪ್ಪತ್ತೈದು. ಪಟ್ಟಿಗೆ ಗಾಳಿ ಊದುತ್ತ, ಓದುತ್ತಲೇ ಇದ್ದೆ. ಹತ್ತು ನಿಮಿಷ ಕಾದೆವು ಎಂದು ಹಾಳೆಯಲ್ಲಿದೆ. ಸರ್ಜನ್ ಬಟ್ಟೆಯ ತುದಿ ಹಿಡಿದು ಎತ್ತಿದರು. ನಡುವೆ ಒಂದು ಎಂಟಾಣೆಯಷ್ಟಗಲದ ತಿಳಿಗೆಂಪು ಕಲೆ. ಬಟ್ಟೆಯನ್ನು ದೀಪದ ಕಡೆಗೆ ಹಿಡಿದು ನನಗೂ ತೋರಿಸಿ, ಹೊಲಿಗೆಗೆ ಕೈ ಚಾಚಿದರು. ಒಂದು ಬಾಟಲಿ ರಕ್ತ ಕೊಟ್ಟೆವು. ಇನ್ನೊಂದನ್ನು ಮುಟ್ಟಲಿಲ್ಲ.

ಆತ ಹನ್ನೊಂದನೆಯ ದಿನ ಮನೆಗೆ ಹೋದ. ಹಗುರವಾದ ಕೆಲಸ ಕೊಡಬೇಕೆಂದು ಚೀಟಿ ಬರೆದುಕೊಟ್ಟೆ. ಜಿಲೆಟಿನ್ ಮುಟ್ಟಬೇಡಿ ಎಂದು ಹೇಳಿದ್ದಕ್ಕೆ ಮುಖ ಸಪ್ಪೆ ಮಾಡಿಕೊಂಡ. ಗಣಿಗೆ ಇಳಿಯುವವರಿಗೆ ದೀಪ ಎಣಿಸಿ ಕೊಡುವ ದೀಪದ ಕೋಣೆಯಲ್ಲಿ ಕೂರುವುದು ಕೆಲಸವಾ ಎಂದು ಹೆಂಡತಿಯ ಹತ್ತಿರ ಗೊಣಗುತ್ತಿದ್ದನಂತೆ.

ಮೂರು ತಿಂಗಳ ಮೇಲೆ ಇಬ್ಬರೂ ಬಂದರು, ಬೆಂಗಳೂರಿನಲ್ಲಿ ಮಾಡಿಸಿದ ಸ್ಕ್ಯಾನಿನ ಫಿಲ್ಮ್ ಸುರುಳಿ ಸುತ್ತಿಕೊಂಡು. ನಾನು ಅದನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಚೀಲ ಮತ್ತೆ ಬಂದಿರಲಿಲ್ಲ. ಉಳಿದ ಯಕೃತ್ತು ದಪ್ಪವಾಗಿ, ಅಂಚು ದುಂಡಗಾಗಿ, ಹಿಂದೆ ಇದ್ದುದಕ್ಕಿಂತ ದೊಡ್ಡದಾಗಿತ್ತು. ಕತ್ತರಿಸಿ ತೆಗೆದಷ್ಟನ್ನು ಉಳಿದದ್ದು ಬೆಳೆದು ತುಂಬಿಕೊಳ್ಳುತ್ತದೆ ಎಂದು ಹೇಳಿದೆ. ಅದಕ್ಕೆ ಯಾವ ಮಾತ್ರೆ ಕೊಟ್ಟಿರಿ ಎಂದು ಕೇಳಿದ. ಯಾವುದೂ ಇಲ್ಲ, ತಾನಾಗಿಯೇ ಎಂದೆ.

"ಯಾರೂ ಯೋಳ್ದೆ?"

"ಯಾರೂ ಹೇಳದೆ."

ಆತ ಫಿಲ್ಮನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಕಿಟಕಿಗೆ ಹಿಡಿದ. ಬಹಳ ಹೊತ್ತು ನೋಡಿದ.

"ಎಷ್ಟ್ ಓಯ್ತು, ಎಷ್ಟ್ ಬೇಕು ಅಂತ ಅದುಕ್ಕೆ ಯಂಗಮ್ಮಾ ಗೊತ್ತಾಯ್ತದೆ?"

ಹೇಳಲು ನನ್ನ ಬಳಿ ಪುಸ್ತಕದ ಎರಡು ಮಾತುಗಳಿದ್ದವು. ಆ ಮಾತುಗಳು ಏನಾಗುತ್ತದೆ ಎಂಬುದಕ್ಕೆ ಹೆಸರಿಡುತ್ತವೆ, ಆತ ಕೇಳಿದ್ದಕ್ಕೆ ಉತ್ತರವಲ್ಲ. ನನಗೆ ಗೊತ್ತಿಲ್ಲ ಎಂದೆ. ಯಾರಿಗಾದರೂ ಗೊತ್ತಿದೆಯೇ ಎಂಬುದೂ ಗೊತ್ತಿಲ್ಲ ಎಂದೆ.

ಆತನಿಗೆ ಬೇಸರವಾದಂತೆ ಕಾಣಲಿಲ್ಲ. ಹೆಂಡತಿಯನ್ನು ಬಾ ಇಲ್ಲಿ ಎಂದು ಕರೆದು, ಬೆರಳಿಟ್ಟು ತೋರಿಸಿದ. ಅವಳು ಸೆರಗಿನಿಂದ ಕೈ ಒರೆಸಿಕೊಂಡು ಅಂಚು ಹಿಡಿದಳು. ನಾನೂ ಅವರ ಹಿಂದೆ ನಿಂತು ನೋಡಿದೆ.